ಈಸಾ ಟೌನಿನ ಸ್ಲ್ಯಾಬ್

ಮೊನ್ನೆ ಬಹರೈನಿನ ಅಸ್ಕರ್ ಎಂಬ ಊರಿನ ಸೈಟಿನಲ್ಲಿ ಹೊಸ ಸ್ಲ್ಯಾಬಿಗೆ ಹೊದಿಸಿದ್ದ ಒದ್ದೆ ಗೋಣಿಚೀಲದ ವಾಸನೆ ಮೂಗಿಗೆ ಬಡಿಯಿತು. ಆ ಹುಳಿ ವಾಸನೆಗೆ ಎಲ್ಲರೂ ಮುಖ ಸಿಂಡರಿಸುತ್ತಾರೆ. ನನಗೆ ಮಾತ್ರ ನಮ್ಮ ಹಳೆಯ ಕಂಟ್ರಾಕ್ಟರ್ ನೆನಪಾದರು...

ಐಸ್‌ಲ್ಯಾಂಡಿನವರು. ಯಾವುದೋ ದೊಡ್ಡ ಕಂಪನಿಯ ಜೊತೆ ಬಹರೈನಿಗೆ ಬಂದು, ಇಲ್ಲೇ ಉಳಿದು, ಮನೆ ಕಟ್ಟಿಸುವ ಸಣ್ಣ ಗುತ್ತಿಗೆ ಹಿಡಿಯುತ್ತಿದ್ದರು. ನಾನು ಅವರ ಫೋರ್‌ಮನ್. ಅವರ ಊರಲ್ಲಿ ಕಾಂಕ್ರೀಟು ಚಳಿಗೆ ಹೆಪ್ಪುಗಟ್ಟದಿರಲೆಂದು ಕಂಬಳಿ ಹೊದಿಸುತ್ತಾರಂತೆ. ಇಲ್ಲಿನ ಬಿಸಿಲಲ್ಲಿ ಅದೇ ಕಾಂಕ್ರೀಟಿಗೆ ಮಂಜುಗಡ್ಡೆ ಬೆರೆಸಬೇಕು. ಅದನ್ನು ಹೇಳಿ ತಾವೇ ನಗುತ್ತಿದ್ದರು. ನಮ್ಮವರು ತೆಂಗಿನಕಾಯಿ ಒಡೆಯದೆ ಸ್ಲ್ಯಾಬಿಗೆ ಕೈಹಚ್ಚುವುದಿಲ್ಲವೆಂದು ಗೊತ್ತಾದ ಮೇಲೆ ಕಾಯಿಯನ್ನೂ ಅವರೇ ತರತೊಡಗಿದರು. ಹಟ ಒಂದೇ: ಸುರಿಯಲು ಶುರುಮಾಡಿದರೆ ಮುಗಿಯುವವರೆಗೆ ನಿಲ್ಲಿಸಕೂಡದು, ತಾವೂ ಕದಲಕೂಡದು. ಹಿಂದೊಮ್ಮೆ ಅವರಿಲ್ಲದಾಗ ಕೆಲಸ ನಡುವೆ ನಿಂತು, ಜೋಡಿಸಿದ ಕಡೆ ಬಿರುಕು ಬಿಟ್ಟಿತ್ತು. ಮನೆ ಮಾಲೀಕ ಇಡೀ ಛಾವಣಿ ಒಡೆಸಿದ್ದ. ಆ ಪೆಟ್ಟಿನಿಂದ ಅವರು ಚೇತರಿಸಿಕೊಳ್ಳಲೇ ಇಲ್ಲ.

ಉಳಿದದ್ದು ಈಸಾ ಟೌನಿನ ಒಂದು ಮನೆಯ ಗುತ್ತಿಗೆ. ಅದೂ ಕೆಟ್ಟರೆ ವೀಸಾ ಹೋಗಿ ದೇಶ ಬಿಡಬೇಕು. ಆಸ್ಪತ್ರೆಯಲ್ಲಿದ್ದ ಹೆಂಡತಿಯೋ, ವಿಮಾನ ಹತ್ತಿಸುವ ಸ್ಥಿತಿಯಲ್ಲಿರಲಿಲ್ಲ.

ಅರ್ಧ ಸ್ಲ್ಯಾಬ್ ಸುರಿದಾಗ ನರ್ಸ್ ಫೋನ್ ಮಾಡಿದಳು. ಉಸಿರು ಕಷ್ಟವಾಗಿದೆ, ಕೂಡಲೇ ಬನ್ನಿ.

“ಹೋಗಿ ಸಾರ್, ನಾವಿಲ್ವಾ?” ಅಂದೆ.

“ಥೋಡಾ ಬಾಕಿ,” ಅಂದರು ತಮ್ಮ ಹರಕು ಹಿಂದಿಯಲ್ಲಿ, ಇನ್ನು ಸ್ವಲ್ಪವೇ ಎಂಬಂತೆ.

ಕಾರ್ಕಳದ ಮೇಸ್ತ್ರಿಗೆ ತಡೆಯಲಾಗಲಿಲ್ಲ. “ಎಂಥ ಜನ ಮಾರಾಯ್ರೆ ಇವರು! ಸ್ಲ್ಯಾಬ್ ಎಂತ ಎದ್ದು ಓಡಿ ಹೋಗ್ತದಾ?”

ಅವರು ಹೋಗಲಿಲ್ಲ. ಪಂಪಿನ ಪೈಪು ಹಿಡಿದೇ ನಿಂತರು. ನಾವು ಊಟ ಬಿಟ್ಟು ದುಡಿದೆವು. ಎಷ್ಟು ದುಡಿದರೂ ಆ ಹಾಳು ಸ್ಲ್ಯಾಬ್ ಮುಗಿಯಲೊಲ್ಲದು... ಕೊನೆಗೂ ಮುಗಿದಾಗ ಸಿಮೆಂಟು ಮೆತ್ತಿದ ಬೂಟಿನಲ್ಲೇ ಕಾರು ಹತ್ತಿ ಓಡಿದರು. ಅವರು ತಲುಪುವ ಮೊದಲೇ ಆಕೆ ಹೋಗಿಬಿಟ್ಟಿದ್ದರು.

ಮರುದಿನ ಬೆಳಿಗ್ಗೆ ನಾನು ಸೈಟಿಗೆ ಹೋದರೆ, ಅವರಾಗಲೇ ಮೇಲೆ ನಿಂತು ಗೋಣಿಗಳಿಗೆ ನೀರು ಬಿಡುತ್ತಿದ್ದರು. ಮಗುವಿನ ಹಾಗೆ ಅಳುತ್ತಿದ್ದರು. ನನ್ನನ್ನು ಕಂಡು, ಬಿರುಕು ಬಂದಿಲ್ಲವಲ್ಲ, ಎಂದು ಕೇಳಿದರು. ಇಲ್ಲ ಸಾರ್, ಅಂದೆ. ಹೆಂಡತಿಯ ದೇಹದೊಂದಿಗೆ ಊರಿಗೆ ಹೋದವರು ಮತ್ತೆ ಬರಲಿಲ್ಲ.

ಇವತ್ತು ಮಗಳನ್ನು ಶಾಲೆಗೆ ಬಿಡಲು ಈಸಾ ಟೌನಿಗೆ ಹೋಗಿದ್ದೆ. ಆ ಮನೆ ಕೆಡವುತ್ತಿದ್ದರು. ಹೊಸ ಮಾಲೀಕನಿಗೆ ಇನ್ನೂ ದೊಡ್ಡದು ಬೇಕಂತೆ. ಯಂತ್ರ ಎಷ್ಟು ಕುಟ್ಟಿದರೂ ಸ್ಲ್ಯಾಬ್ ಬಗ್ಗುತ್ತಿರಲಿಲ್ಲ. ನೋಡುತ್ತಿದ್ದಂತೆ ಒಂದು ಮೂಲೆ ಕಳಚಿ ಬಿತ್ತು.

“ನೀವು ಹೋಗಬೇಕಿತ್ತು ಸಾರ್!” ಕಾರಿನೊಳಗೆ ಕೂಗಿಯೇಬಿಟ್ಟೆ.

“ಯಾರಿಗೆ ಹೇಳೂದು ಪಪ್ಪಾ?” ಮಗಳು ಬೆಚ್ಚಿ ಕೇಳಿದಳು.

ಯಾರೂ ಇಲ್ಲ ಮಗಾ, ಅಂದೆ.