ಶರಣಕ್ಕ ಕುಡಿದ ಔಷಧ

ಶರಣಕ್ಕನ ಕೊರಳಲ್ಲಿ ಅಳತೆಯ ಟೇಪು ಸದಾ ಜೋತಾಡುತ್ತಿತ್ತು. ಅದನ್ನು ಬಳಸಿದ್ದು ನಾನು ಕಂಡದ್ದು ಕಡಿಮೆ. ನಾರಾಯಣಖೇಡದ ಅವಳ ಹೊಲಿಗೆ ಅಂಗಡಿಗೆ ಯಾರೇ ಬರಲಿ, ಮೇಲಿಂದ ಕೆಳಗೆ ಒಮ್ಮೆ ನೋಡಿ ಬಟ್ಟೆಗೆ ಕತ್ತರಿ ಹಾಕುತ್ತಿದ್ದಳು. "ಟೇಪ್ ಗಿರಾಕಿ ಸಮಾಧಾನಕ್ಕ, ಗೌರಿ. ಅಳತಿ ಕಣ್ಣಾಗ ಅದ" ಎನ್ನುವಳು.

ಗಂಡನ ಮನೆ ಬಿಟ್ಟು ಬಂದ ನನ್ನನ್ನು ಕೆಲಸಕ್ಕೆ ಕೂರಿಸಿಕೊಂಡವಳು ಅವಳೇ. ಗಿರಾಕಿಯೊಬ್ಬಳು ನನ್ನ ಎದುರಿಗೇ, "ಗಂಡನ್ನ ಬಿಟ್ಟ ಬಂದಾಳಂತಲ್ರಿ?" ಎಂದು ಕೇಳಿದಳು. ಶರಣಕ್ಕ ಹಲ್ಲಲ್ಲಿ ದಾರ ಕಡಿದು, "ಹೌದ್ರಿ, ನಡದೇ ಬಂದಾಳ. ಕಾಲು ಗಟ್ಟಿ ಅವ. ನಿಮ್ಮ ತೋಳು ಎಷ್ಟು ಉದ್ದ ಇಡಲಿ ಹೇಳ್ರಿ" ಎಂದಳು. ಅಂದು ಎಷ್ಟೋ ತಿಂಗಳ ಮೇಲೆ ನಾನು ನಕ್ಕೆ.

ಎರಡು ವರ್ಷದಿಂದ ಅವಳಿಗೆ ಆಗಾಗ ಊಟವಾದ ಮೇಲೆ ಬಲ ಪಕ್ಕೆಲುಬಿನ ಕೆಳಗೆ ನೋವು ಬರುತ್ತಿತ್ತು. ವಾಯು ಎಂದು ಸೋಡಾ ಕುಡಿದು ಸುಮ್ಮನಾಗುವಳು. ಕಳೆದ ಬೇಸಿಗೆಯಲ್ಲಿ ಕಣ್ಣು ಹಳದಿಯಾಯಿತು. ಮೈಯೆಲ್ಲ ತುರಿಕೆ. "ನಾಳಿ ಜಹೀರಾಬಾದಿಗಿ ಹೋಗಿ ಡಾಕ್ಟರಿಗಿ ತೋರಿಸ್ಕೊಂಡ ಬರ್ತೀನಿ" ಎಂದಳು.

ತಡೆದವಳು ನಾನು. ನಮ್ಮವ್ವನ ಕಾಮಾಲೆ ಬೇರಿನ ರಸದಿಂದ ವಾಸಿಯಾಗಿತ್ತು. "ಕಾಮಾಲಿಗಿ ಡಾಕ್ಟರ್ ಯಾಕ ಅಕ್ಕಾ? ನಾ ಔಷಧ ತರ್ತೀನಿ" ಎಂದು ಸಿರ್ಗಾಪುರದ ಕಡೆ ಹೋಗಿ ಬೇರು ತಂದೆ. ದಿನಾ ಬೆಳಿಗ್ಗೆ ಅರೆದು, ನನ್ನ ಕೈಯಾರೆ ಕುಡಿಸಿದೆ. ಮುಖ ಕಿವುಚಿಕೊಂಡೇ ಕುಡಿಯುತ್ತಿದ್ದಳು. ಒಂಬತ್ತನೆಯ ದಿನ ಚಳಿಜ್ವರ ಹತ್ತಿ, ಹಲ್ಲು ಕಟಕಟಿಸತೊಡಗಿತು.

ತಾಂಡೂರಿನಲ್ಲಿ ಕಲ್ಲು ಪಾಲಿಶ್ ಕೆಲಸದಲ್ಲಿದ್ದ ಅವಳ ತಮ್ಮ ಬಸಣ್ಣ ಓಡಿ ಬಂದ. ಇಬ್ಬರೂ ಅವಳನ್ನು ಹೈದರಾಬಾದಿನ ಆಸ್ಪತ್ರೆಗೆ ಸೇರಿಸಿದೆವು. ಬಾಯಿಯಿಂದ ದುರ್ಬೀನಿನ ನಳಿಗೆ ಇಳಿಸಿ ನೋಡಿದ ಮೇಲೆ ಡಾಕ್ಟರಮ್ಮ ತೆಲುಗಿನಲ್ಲಿ ಬಿಡಿಸಿ ಹೇಳಿದರು. ಪಿತ್ತದ ನಾಳ ಕರುಳಿಗೆ ಸೇರುವಲ್ಲಿ ಕಾಳಿನಷ್ಟು ಸಣ್ಣ ಉಬ್ಬು ಇರುತ್ತದಂತೆ. ಪಿತ್ತ ಇಳಿಯುವುದು ಅದರ ಬಾಯಿಂದಲೇ. ನಾಳಕ್ಕೆ ಇಳಿದಿದ್ದ ಪಿತ್ತದ ಕಲ್ಲೊಂದು ಅಲ್ಲಿ ಸಿಕ್ಕಿ ಉಜ್ಜಿ ಉಜ್ಜಿ, ಆ ಉಬ್ಬು ಕೆಂಪಗೆ ಬಾತು, ಬಾಯಿ ಮುಚ್ಚಿಹೋಗಿತ್ತು. ಹಿಂದೆ ನಿಂತ ಪಿತ್ತ ಕೀವಾಗಿ, ನಂಜು ರಕ್ತಕ್ಕೆ ಏರಿತ್ತು. ಆ ಉಬ್ಬಿನ ಬಾಯಿ ಕೊಯ್ದು ಕಲ್ಲು ತೆಗೆದಿದ್ದರು. "ಒಂದು ವಾರ ಮೊದಲೇ ಕರೆತಂದಿದ್ದರೆ ಭಯವಿರಲಿಲ್ಲ" ಎಂದರು.

ಬೇರಿನ ರಸ ಕುಡಿದ ಸಂಗತಿ ಡಾಕ್ಟರಮ್ಮನಿಂದ ತಿಳಿದ ಬಸಣ್ಣ ಹಾಸಿಗೆಯ ಬಳಿ ಬಂದು, "ಆ ಬೇರು ಯಾರು ತಂದ್ರು?" ಎಂದು ಗುಡುಗಿದ. ನಾನು ಬಾಯಿ ತೆರೆದೆ. ಶರಣಕ್ಕ ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಳು.

"ನಾನೇ ತರಿಸ್ಕೊಂಡಿನೋ ತಮ್ಮಾ. ಗೌರಿ ಪಾಪ, ದವಾಖಾನಿಗಿ ನಡಿ ಅಂತ ಕಾಲಿಗಿ ಬಿದ್ದಳು. ನಾನೇ ಕೇಳ್ಲಿಲ್ಲ."

ಅವಳ ಕೈ ಕಾದ ಇಸ್ತ್ರಿಯ ಹಾಗೆ ಸುಡುತ್ತಿತ್ತು. ನಾನು ಬಾಯಿ ಮುಚ್ಚಿಕೊಂಡೆ. ಎರಡನೆಯ ದಿನ ಅವಳು ಹೋಗಿಬಿಟ್ಟಳು.

ಮಣ್ಣು ಕೊಟ್ಟು ಬಂದ ಮೇಲೆ ಬಸಣ್ಣ ಅಂಗಡಿಯ ಬಾಗಿಲು ತೆಗೆದ. ಮಷಿನ್ನಿನ ಮೇಲೆ ಕೈಯಿಟ್ಟು ಅತ್ತ. ಆಮೇಲೆ ನನ್ನ ಕಡೆ ತಿರುಗಿ, "ನೀ ಎಷ್ಟ ಹೇಳಿದಿ ತಂಗಿ, ಆಕಿನೇ ಕೇಳ್ಲಿಲ್ಲ. ಈ ಮಷಿನ್ ನೀನೇ ಇಟ್ಕೋ" ಎಂದ.

ನಾನು ಹೂಂ ಎಂದೆ.