ನಾಲ್ಕು ಜ್ವರದ ಭಾಷಣ

ಇಂಗ್ಲೆಂಡಿನ ಶಿಕ್ಷಣ ಪದ್ಧತಿಯ ಬಗ್ಗೆ ನಾನು ಮಾಡಿದ ಆ ಭಾಷಣ ನನ್ನದಲ್ಲ. ಭವ್ಯಳದು. ಕದ್ದೆ. ಮೂರು ವರ್ಷ ಮುಚ್ಚಿಟ್ಟೆ — ಮುಚ್ಚಿಟ್ಟೆ ಅನ್ನುವುದೂ ಸುಳ್ಳು, ಮೆರೆದೆ.

ಒಂಬತ್ತನೇ ಕ್ಲಾಸಿನಲ್ಲಿ ಭಾಷಣ ಸ್ಪರ್ಧೆ. ನಾನು ತಯಾರು ಮಾಡಿದ್ದು ನನ್ನ ಕ್ರಾಪು ಮಾತ್ರ. ನನ್ನ ಕ್ಲಾಸಿನ ಭವ್ಯ ತಿಪ್ಪಸಂದ್ರದ ಮನೆಯಲ್ಲಿ ರೇಷ್ಮೆಹುಳುಗಳನ್ನೇ ಸಭಿಕರನ್ನಾಗಿಸಿ ಅಭ್ಯಾಸ ಮಾಡುತ್ತಿದ್ದಳು. ಹಿಂದಿನ ದಿನ ನನ್ನನ್ನೂ ಹುಳುಗಳ ಪಕ್ಕ ಕೂರಿಸಿದಳು.

"ಒಸಿ ಕೇಳ್ಲಾ, ನಗ್ಬೇಡ. ಹುಳಕ್ಕೆ ನಾಲ್ಕ್ ಜ್ವರ ಬತ್ತವಲ್ಲ? ಇಂಗ್ಲೆಂಡ್ ಮಕ್ಳಿಗೂ ಅಂಗೇ ಕಣೋ."

ಜ್ವರ ಅಂದರೆ ಹುಳು ಮೇವು ಬಿಟ್ಟು, ತಲೆಯೆತ್ತಿ ಸುಮ್ಮನೆ ಕೂತು, ಚರ್ಮ ಕಳಚುವ ಕಾಲ. ಇಂಗ್ಲೆಂಡಿನಲ್ಲೂ ಐದರಿಂದ ಹದಿನಾರು ವಯಸ್ಸಿನವರೆಗೆ ನಾಲ್ಕು ಘಟ್ಟ. ಹನ್ನೊಂದಕ್ಕೆ ದೊಡ್ಡ ಶಾಲೆ. ನಾಲ್ಕನೇ ಘಟ್ಟದ ಕೊನೆಗೆ ಜಿಸಿಎಸ್ಇ ಪರೀಕ್ಷೆ — ನಮ್ಮ ಎಸ್ಸೆಲ್ಸಿಯ ದೊಡ್ಡಣ್ಣ. ಆಮೇಲೆ ಎರಡು ವರ್ಷ ಎ-ಲೆವೆಲ್. ಹೆಚ್ಚಿನವರಿಗೆ ಮೂರೇ ವಿಷಯ, ಆದರೆ ಕೊನೇ ಹಂತದ ಹುಳು ಸೊಪ್ಪು ಮುಕ್ಕಿದ ಹಾಗೆ ಮುಕ್ಕಬೇಕು. ಗೂಡು ಕಟ್ಟುವುದು ಯೂನಿವರ್ಸಿಟಿಯಲ್ಲಿ.

"ಎಂಗೈತೆ?" ಅಂದಳು.

"ಪರ್ವಾಗಿಲ್ಲ" ಅಂದೆ. ಒಳಗೆ — ಆಗಲೇ ಜೇಬಿಗಿಳಿಸಿದ್ದೆ.

ಮಾರನೇ ದಿನ ಚೀಟಿ ಎತ್ತಿದಾಗ ಅವಳಿಗಿಂತ ಮೊದಲು ನನ್ನ ಸರದಿ. ಹೇಳಿಬಿಟ್ಟೆ. ಹೇಗೆ ಹೇಳಿದೆ ಅಂತೀರಿ! ಮೈಕಿಗೇ ಬೆವರು. ಚಪ್ಪಾಳೆಗೆ ಬಿಸಿಯೂಟದ ಸಾಂಬಾರು ಹಂಡೆಯಿಂದ ತುಳುಕಿತು. ನಮ್ಮದು ಸಿಮೆಂಟ್ ಅಂಗಡಿ, ಹುಳುವಿನ ಜ್ಞಾನ ಸೊನ್ನೆ. ಜ್ವರ ಬಂದಾಗ ಎರಡು ಪಟ್ಟು ಸೊಪ್ಪು ಹಾಕಬೇಕು ಅಂತ ಸ್ವಂತದ್ದೂ ಒಂದು ಸೇರಿಸಿದೆ. ಹುಳು ಸಾಕುವ ಮನೆಯ ಮಕ್ಕಳೆಲ್ಲ ಗೊಳ್ಳೆಂದರು.

ತೀರ್ಪು ಕೊಡುವ ಮೇಷ್ಟ್ರು ಕನ್ನಡಕ ಇಳಿಸಿದರು. "ಲೇ, ಜ್ವರದ ಹುಳ ಸೊಪ್ಪು ಮುಟ್ತದೇನ್ಲಾ?"

"ಇಂಗ್ಲೆಂಡ್ ಹುಳ ಸಾರ್, ಅದು!"

ಇನ್ನೊಂದು ಸುತ್ತು ಚಪ್ಪಾಳೆ. ಮೊದಲ ಬಹುಮಾನ ನನಗೇ.

ನನ್ನ ನಂತರ ಭವ್ಯ ವೇದಿಕೆ ಹತ್ತಿದ್ದಳು. ಮೈಕ್ ಹಿಡಿದಳು. ಹೇಳಲು — ನಾನು ಏನೂ ಉಳಿಸಿರಲಿಲ್ಲ. ಅರ್ಧ ನಿಮಿಷ ನಿಂತು ಇಳಿದಳು. ಮೈಕ್ ಕಂಡು ನಡುಗಿದಳು ಅಂತ ಶಾಲೆಯೆಲ್ಲ ಅಂದಿತು. ನಾನೂ ಅಂದೆ. ಅವಳು ನನಗೆ ಹೇಳಿದ್ದು ಒಂದೇ ಮಾತು: "ಚೆಂದಾಗ್ ಹೇಳ್ದೆ ಕಣೋ." ಆಮೇಲೆ ಯಾವ ವೇದಿಕೆಯನ್ನೂ ಹತ್ತಲಿಲ್ಲ.

ಈಗ ಇಬ್ಬರೂ ಸೆಕೆಂಡ್ ಪಿಯು. ಕಳೆದ ಶನಿವಾರ ಹಳೇ ಶಾಲೆಯವರು ಆ 'ಪ್ರಸಿದ್ಧ ಭಾಷಣ'ವನ್ನು ಸ್ಪರ್ಧೆಯ ಮಕ್ಕಳಿಗೆ ಮಾಡಿ ತೋರಿಸು ಅಂತ ನನ್ನನ್ನು ಕರೆದರು. ಇಸ್ತ್ರಿ ಶರ್ಟು, ಸೆಂಟು, ಮಂತ್ರಿಯ ನಡಿಗೆ. ಈ ಸಲ ಭವ್ಯಳ ತಂಗಿಯೂ ಸ್ಪರ್ಧೆಯಲ್ಲಿದ್ದಳು. ಕೇಳಲು ಭವ್ಯಳೂ ಬಂದು ಹಿಂದೆ ಕೂತಿದ್ದಳು.

ಒಬ್ಬ ಹುಡುಗ ಆ ಪುಟ್ಟಿಗೆ, "ನಿಮ್ಮಕ್ಕನ್ ಥರಾ ಬಾಯ್ ಕಟ್ಕಂಡ್ ನಿಂತ್ಬುಟ್ಟೀಯಾ ಕಣೇ!" ಅಂದ. ಅವಳು ಬರೆದುಕೊಂಡು ಬಂದಿದ್ದ ಹಾಳೆ ಮಡಚಿ ಚೀಲಕ್ಕೆ ತುರುಕಿದಳು. ಹಿಂದೆ ಭವ್ಯ ತಲೆ ತಗ್ಗಿಸಿದಳು. ನನಗೆ —

ವೇದಿಕೆ ಹತ್ತಿ ಹೇಳಿದೆ: "ಆ ಭಾಷಣ ಭವ್ಯಂದು. ಕದ್ದೋನು ನಾನು. ಅವತ್ತು ಅವಳು ಹೆದರಲಿಲ್ಲ. ಅವಳ ಮಾತು ನನ್ನತ್ರ ಇತ್ತು."

ಭವ್ಯ ಹಿಂದಿನಿಂದ ನಡೆದುಬಂದಳು. ನನ್ನ ಕೈಯಿಂದ ಮೈಕ್ ಕಿತ್ತುಕೊಂಡಳು. ಹಾಳೆಯಿಲ್ಲದೆ, ತಡವರಿಸದೆ, ಹತ್ತು ನಿಮಿಷ ಅದೇ ಭಾಷಣ ಮಾಡಿದಳು — ಕದಿಯುವ ಆತುರದಲ್ಲಿ ನಾನು ಕೇಳಿಸಿಕೊಳ್ಳದೇ ಬಿಟ್ಟದ್ದೂ ಸೇರಿ. ಸ್ಕಾಟ್ಲೆಂಡಿನ ಪರೀಕ್ಷೆಗಳೇ ಬೇರೆ ಅಂತ ನನಗೆ ಗೊತ್ತಾದದ್ದೇ ಅವತ್ತು! ಮೇಷ್ಟ್ರುಗಳು ಎದ್ದು ನಿಂತರು. ತಂಗಿ ಬೆಂಚು ಹತ್ತಿ ಶಿಳ್ಳೆ ಹೊಡೆದಳು. ನನ್ನ ಮೂರು ವರ್ಷದ ಚಪ್ಪಾಳೆಯನ್ನೆಲ್ಲ ಒಟ್ಟು ಹಾಕಿದರೂ ಅದಕ್ಕೆ ಸಾಟಿಯಿಲ್ಲ — ಇದು ಉತ್ಪ್ರೇಕ್ಷೆಯಲ್ಲ.

ಇಳಿದು ಬಂದವಳು ನನ್ನ ಮುಂದೆ ನಿಂತಳು.

"ಇಷ್ಟ್ ಹೇಳಕ್ಕೆ ಮೂರ್ ವರ್ಸ ಬೇಕಾಯ್ತೇನ್ಲಾ?"

ಯಾವ ಪ್ರಶ್ನೆಗೂ ಥಟ್ಟನೆ ಉತ್ತರ ಕೊಡುವವನು ನಾನು. ಹೌದು ಅಂದೆ. ಅವಳು ತಂಗಿಯ ಕೈ ಹಿಡಿದು ವೇದಿಕೆಯತ್ತ ಕರೆದೊಯ್ದಳು.