ತಾಯಿಮನೆಯ ಅತಿಥಿ

ನಾರ್‌ಶೋಪಿಂಗ್‌ಗೆ ಬಂದ ಹೊಸದರಲ್ಲಿ ನೀರಜಾ ಬೈಸಿಕೊಂಡದ್ದು ಒಬ್ಬರಿಂದ ಮಾತ್ರ. ಅವರು ಕೆಳಮನೆಯ ಐಲಾ. ಕಟ್ಟಡಕ್ಕೆಲ್ಲ ಬಟ್ಟೆ ಒಗೆಯುವ ಕೋಣೆ ಒಂದೇ. ಯಾರ ಸರದಿ ಯಾವಾಗ ಎಂದು ಗೋಡೆಯ ಹಲಗೆಯಲ್ಲಿ ಮೊದಲೇ ಗುರುತು ಮಾಡಿ ಕಾದಿರಿಸಬೇಕು. ಅದು ತಿಳಿಯದೆ, ಮೆಷಿನ್ ಖಾಲಿ ಇದೆಯಲ್ಲ ಎಂದು ನೀರಜಾ ಮಗುವಿನ ಬಟ್ಟೆಯನ್ನೆಲ್ಲ ತುಂಬಿಬಿಟ್ಟಿದ್ದಳು. ಐಲಾ ಕೂಗಾಡಲಿಲ್ಲ. ಒದ್ದೆ ಬಟ್ಟೆಯನ್ನು ಹಿಂಡಿ ಬುಟ್ಟಿಗೆ ಹಾಕಿಕೊಂಡು ಮೆಟ್ಟಿಲು ಹತ್ತಿ ಬಂದು ಬಾಗಿಲು ತಟ್ಟಿದರು.

“ಈ ದೇಶದಲ್ಲಿ ಜನ ಗಂಡನನ್ನು ಬೇಕಾದರೆ ಬಿಟ್ಟುಕೊಟ್ಟಾರು, ಒಗೆಯುವ ಸರದಿ ಬಿಟ್ಟುಕೊಡೋದಿಲ್ಲ, ತಿಳ್ಕೋ” ಎಂದರು. ನೀರಜಾಳ ಅರೆಬರೆ ಸ್ವೀಡಿಷ್‌ಗೆ ಅರ್ಥವಾಗಲಿ ಎಂದು ನಿಧಾನವಾಗಿ ಇನ್ನೊಮ್ಮೆ ಬೈದರು.

ಪರಿಚಯ ಬೆಳೆದದ್ದು ಹಾಗೆ. ಐಲಾಗೆ ಎಪ್ಪತ್ತು. ಹರೆಯದಲ್ಲಿ ಊರಿನ ಉಣ್ಣೆ ಗಿರಣಿಯಲ್ಲಿ ದುಡಿದು, ಗಿರಣಿ ಮುಚ್ಚಿದ ಮೇಲೆ ಮನೆಯಲ್ಲೇ ಬೇರೆಯವರ ಮಕ್ಕಳನ್ನು ನೋಡಿಕೊಂಡು ಬದುಕಿದವರು. ನೀರಜಾ ಭಾಷೆ ಕಲಿಯುವ ತರಗತಿಗೆ ಹೋದಾಗ ಎರಡೂವರೆ ವರ್ಷದ ಅನಿಕಾ ಅವರ ಅಡುಗೆಮನೆಯಲ್ಲಿ ಆಡುತ್ತಿದ್ದಳು. ಅಲ್ಲಿಂದ ಮಗು ಹೊತ್ತು ತಂದ ಮೊದಲ ಪಾಠ ‘ತಾಕ್ ಫೋರ್ ಮಾತೆನ್’. ಊಟಕ್ಕೆ ಧನ್ಯವಾದ ಎಂದರ್ಥ. ತಟ್ಟೆ ಖಾಲಿಯಾದೊಡನೆ ಇಲ್ಲಿನ ಮಕ್ಕಳೆಲ್ಲ ಬಡಿಸಿದವರಿಗೆ ಹೇಳಲೇಬೇಕಾದ ಮಾತು. ಸಾರನ್ನ ಉಂಡು ಅನಿಕಾ ಅದನ್ನು ಒಪ್ಪಿಸಿದಾಗ, ಬೆಂಗಳೂರಿನಿಂದ ಬಂದಿದ್ದ ನೀರಜಾಳ ಅಮ್ಮ ರಾಜಲಕ್ಷ್ಮಿ ಬಿದ್ದುಬಿದ್ದು ನಕ್ಕಿದ್ದರು.

“ಏನೇ ಇದು, ಇದೇನು ಹೋಟೆಲಾ? ಹೆತ್ತೋಳಿಗೆ ಯಾರಾದ್ರೂ ಥ್ಯಾಂಕ್ಸ್ ಹೇಳ್ತಾರೇನೇ?”

ಆದರೆ ಆ ವಸಂತದಲ್ಲಿ, ಎರಡು ಸಾವಿರದ ಒಂಬತ್ತರಲ್ಲಿ, ಮನೆಯಲ್ಲಿ ನಗುವಿಗೆ ಜಾಗ ಕಡಿಮೆಯಿತ್ತು. ನೀರಜಾಳ ಗಂಡ ಸುದರ್ಶನ್‌ನ ಕಂಪನಿಯಲ್ಲಿ ಜನರನ್ನು ತೆಗೆಯುತ್ತಿದ್ದರು. ಕೆಲಸ ಹೋದರೆ ವರ್ಕ್ ಪರ್ಮಿಟ್ಟೂ ಹೋದ ಹಾಗೆ. ಅಂಥ ಹೊತ್ತಿನಲ್ಲಿ ದೇವರೇ ಕೊಟ್ಟಂತೆ ನೀರಜಾಗೆ ಒಂದು ಸರಕು ಸಾಗಣೆ ಕಂಪನಿಯಲ್ಲಿ ಸಾಫ್ಟ್‌ವೇರ್ ಕೆಲಸ ಸಿಕ್ಕಿತು. ಮೇ ತಿಂಗಳಲ್ಲೇ ಸೇರಬೇಕು. ಅನಿಕಾಗೆ ಡಾಗಿಸ್, ಅಂದರೆ ಶಿಶುವಿಹಾರ, ಬೇಸಿಗೆ ಕಳೆಯುವ ತನಕ ಸಿಗುವುದಿಲ್ಲವೆಂದು ನಗರಸಭೆಯವರು ಹೇಳಿಬಿಟ್ಟಿದ್ದರು. ಎಪ್ಪತ್ತರ ಐಲಾ ತರಗತಿಯ ಎರಡು ಗಂಟೆ ನೋಡಿಕೊಂಡಾರು, ದಿನವಿಡೀ ಅವರಿಂದ ಆಗದು. ಅಮ್ಮನ ವೀಸಾ ಏಪ್ರಿಲ್‌ಗೆ ಮುಗಿಯುತ್ತಿತ್ತು.

ಉಪಾಯ ಹುಡುಕಬೇಕಾಗಿರಲಿಲ್ಲ, ನಮ್ಮವರಲ್ಲಿ ಅದು ಸಿದ್ಧವಾಗಿಯೇ ಇರುತ್ತದೆ. ಮಗುವನ್ನು ಅಜ್ಜಿಯ ಜೊತೆ ಊರಿಗೆ ಕಳಿಸುವುದು, ಒಂದು ವರ್ಷ ಬಿಟ್ಟು ಕರೆಸಿಕೊಳ್ಳುವುದು. ಸ್ಟಾಕ್‌ಹೋಮಿನಲ್ಲಿದ್ದ ಪರಿಚಯದ ಮಹಾಬಲೇಶ್ವರನ ಹೆಂಡತಿ ಹಾಗೇ ಮಾಡಿದ್ದಳು. “ಆ ಮಗು ಈಗ ಅಷ್ಟೋತ್ತರ ಹೇಳತ್ತೆ, ಗೊತ್ತಾ?” ಎಂದು ರಾಜಲಕ್ಷ್ಮಿ ಫೋನಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದರು. ಟಿಕೆಟ್ ಆಯಿತು. ಅನಿಕಾಳ ಫ್ರಾಕು, ಟೋಪಿ, ಮೊಲದ ಗೊಂಬೆ ಅಜ್ಜಿಯ ಸೂಟ್‌ಕೇಸಿನಲ್ಲಿ ಒಂದೊಂದೇ ಸೇರತೊಡಗಿದವು. ನೀರಜಾ ಹಗಲೆಲ್ಲ ಅವನ್ನು ಮಡಿಸುವುದು, ಬಿಚ್ಚುವುದು, ಮತ್ತೆ ಮಡಿಸುವುದು. ಊರಿನ ನೀರು ಒಗ್ಗದಿದ್ದರೆ? ಸೊಳ್ಳೆ ಕಚ್ಚಿ ಜ್ವರ ಬಂದರೆ? ತಾನು ಕೆಲಸಕ್ಕೆ ಸೇರದೆ ಸುದರ್ಶನ್‌ದೂ ಹೋದರೆ? ಎತ್ತ ತಿರುಗಿದರೂ ಅಲ್ಲೊಂದು ‘ಆದರೆ’ ಕಾದಿರುತ್ತಿತ್ತು.

ಯುಗಾದಿಗೆ ಊರಿನ ಕನ್ನಡದವರೆಲ್ಲ ಒಂದೆಡೆ ಸೇರಿದ್ದರು. ಹೋಳಿಗೆಯ ಮೇಲೆ ತುಪ್ಪ ಸುರಿದುಕೊಳ್ಳುತ್ತ ರಾಜಗೋಪಾಲ ಶುರು ಮಾಡಿದ. ಸುದರ್ಶನ್‌ನ ಸಹೋದ್ಯೋಗಿ ಅವನು. ಚರಿತ್ರೆಯ ಹುಚ್ಚು, ಕೇಳುವವರು ಸಿಕ್ಕರೆ ಬಿಡುವ ಪೈಕಿ ಅಲ್ಲ.

“ಸ್ವೀಡನ್ ಹ್ಯಾಗೆ ಸಾಹುಕಾರ ಆಯ್ತು ಗೊತ್ತೇನ್ರೀ? ಸೋತು! ಈ ವರ್ಷಕ್ಕೆ ಸರಿಯಾಗಿ ಇನ್ನೂರು ವರ್ಷ. ರಷ್ಯಾದೋನು ಫಿನ್‌ಲೆಂಡ್ ಕಿತ್ಕೊಂಡ. ದೇಶದ ಮೂರನೇ ಒಂದು ಭಾಗ ಹೋಯ್ತು. ಆಮೇಲೂ ಅಲ್ಲಿ ಇಲ್ಲಿ ಒಂದಷ್ಟು ಗುದ್ದಾಡಿ, ಕತ್ತಿ ಕೆಳಗಿಟ್ರು ನೋಡಿ, ಇವತ್ತಿನ ತನಕ ಯುದ್ಧ ಅಂತ ಎತ್ತಿಲ್ಲ. ಕಳ್ಕೊಂಡ ನೆಲದ ಆಸೆ ಬಿಟ್ಟು ಇದ್ದ ನೆಲದಲ್ಲಿ ಕಾಲುವೆ ತೋಡಿದ್ರು, ಶಾಲೆ ಕಟ್ಟಿದ್ರು, ಗಿರಣಿ ಹಾಕಿದ್ರು. ಯಾಕೆ, ನಮ್ಮೀ ನಾರ್‌ಶೋಪಿಂಗ್‌ನೇ ಒಂದು ಕಾಲದಲ್ಲಿ ರಷ್ಯಾದೋರು ಸುಟ್ಟು ಬೂದಿ ಮಾಡಿದ್ರು!”

“ಹಾಗಾದ್ರೆ ನಮ್ಮ ಟೀಮು ಪ್ರಾಜೆಕ್ಟ್ ಕಳ್ಕೊಂಡಿದ್ದಕ್ಕೆ ಬೋನಸ್ ಕೊಡ್ಬೇಕಲ್ರೀ” ಎಂದ ಅದೇ ಕಂಪನಿಯ ಸಿದ್ದಲಿಂಗ. ಎಲ್ಲರೂ ನಕ್ಕರು, ಸುದರ್ಶನ್ ಒಬ್ಬನನ್ನು ಬಿಟ್ಟು.

“ತಮಾಷೆ ಅಲ್ರೀ. ಫಿನ್‌ಲೆಂಡನ್ನೇ ತಗೊಳ್ಳಿ. ಎರಡನೇ ಮಹಾಯುದ್ಧದಲ್ಲಿ ಕರೇಲಿಯಾ ಅನ್ನೋ ಸೀಮೆ ಕಳ್ಕೊಂಡ್ರು. ಅಲ್ಲಿದ್ದ ನಾಲ್ಕು ಲಕ್ಷ ಜನಕ್ಕೆ ಉಳಿದ ನೆಲ ಹಂಚಿ ಕೂರಿಸಿದ್ರು. ಅದರ ಮೇಲೆ ರಷ್ಯಾಗೆ ದಂಡ ಬೇರೆ. ಹಡಗು ಕೊಡಿ, ಯಂತ್ರ ಕೊಡಿ ಅಂದ ಅವನು. ಮರ, ಕಾಗದ ಮಾರ್ಕೊಂಡಿದ್ದೋರು ದಂಡ ಕಟ್ಟಕ್ಕೋಸ್ಕರ ಕಬ್ಬಿಣದ ಕೆಲಸ ಕಲ್ತ್ರು. ಇವತ್ತು ನಿಮ್ಮ ಜೇಬಲ್ಲಿರೋ ಫೋನು ಯಾವ ದೇಶದ್ದು, ತೆಗೆದು ನೋಡ್ಕೊಳ್ಳಿ!” ಆಮೇಲೆ ರಾಜಗೋಪಾಲ ನೀರಜಾಳ ಕಡೆ ತಿರುಗಿದ. “ಅದಕ್ಕೇ ಹೇಳ್ತೀನಮ್ಮ, ಕಳ್ಕೊಳ್ಳೋದು ತಪ್ಪಲ್ಲ. ಮಗೂನ ಒಂದು ವರ್ಷ ಕಳಿಸು. ಲಾಂಗ್ ಟರ್ಮ್ ನೋಡು.”

ಮುಳುಗುವವಳಿಗೆ ಹುಲ್ಲುಕಡ್ಡಿ ಸಿಕ್ಕಂತಾಯಿತು. ದೇಶ ದೇಶಗಳೇ ಕಳೆದುಕೊಂಡು ಉದ್ಧಾರವಾಗಿರುವಾಗ ತನ್ನದೇನು ಮಹಾ? ಮಾರನೆಯ ಬೆಳಿಗ್ಗೆ, ಅಜ್ಜಿ ಬಂದ ಮೇಲೂ ತಪ್ಪದ ರೂಢಿಯಂತೆ, ಅನಿಕಾಳನ್ನು ಬಿಡಲು ಕೆಳಗೆ ಹೋದಾಗ ನೀರಜಾ ಐಲಾಗೆ ಅದನ್ನೇ ಒಪ್ಪಿಸಿದಳು. ಸ್ವೀಡನ್, ಫಿನ್‌ಲೆಂಡ್, ಹಡಗು, ಯಂತ್ರ, ಕೊನೆಗೆ ಅನಿಕಾಳ ಟಿಕೆಟ್ಟು.

ಕಾಫಿ ಬಗ್ಗಿಸುತ್ತಿದ್ದ ಐಲಾ ಕೈ ನಿಲ್ಲಿಸಿದರು.

“ನಾನು ಕರೇಲಿಯಾದವಳು” ಎಂದರು. “ಆ ಯಂತ್ರ ಮಾಡಿದವರಲ್ಲಿ ನನ್ನಪ್ಪನೂ ಒಬ್ಬ.”

ನೀರಜಾ ಇಷ್ಟು ದಿನ ಅವರನ್ನು ಅಪ್ಪಟ ಸ್ವೀಡಿಷ್ ಹೆಂಗಸೆಂದೇ ತಿಳಿದಿದ್ದಳು. ಅಂದು ಅವರು ಹೇಳಿದ್ದು ಇಷ್ಟು.

ವೀಪುರಿ ಪಟ್ಟಣದ ಹತ್ತಿರದ ಹಳ್ಳಿಯೊಂದರಲ್ಲಿ ಐಲಾ ಹುಟ್ಟಿದ ವರ್ಷವೇ ರಷ್ಯಾ ಮೇಲೆ ಬಿತ್ತು. ಕಂಕುಳಲ್ಲಿದ್ದಾಗ ಒಮ್ಮೆ ಊರು ಬಿಟ್ಟದ್ದಾಯಿತು, ಸೈನ್ಯ ಗೆದ್ದಾಗ ಮರಳಿದ್ದಾಯಿತು, ಐದು ತುಂಬುವಾಗ ಮತ್ತೆ ಓಟ. ಈ ಸಲ ಅಮ್ಮ ಒಂದು ಕೈಯಲ್ಲಿ ಹಸುವಿನ ಹಗ್ಗ, ಇನ್ನೊಂದರಲ್ಲಿ ಹಸುಗೂಸು ತಮ್ಮನನ್ನು ಹಿಡಿದಿದ್ದಳು. ಮೂರನೇ ಕೈ ಅವಳಿಗಿರಲಿಲ್ಲ. ಫಿನ್‌ಲೆಂಡ್ ಆಗ ತನ್ನ ಮಕ್ಕಳನ್ನು ಸಾವಿರ ಸಾವಿರ ಸಂಖ್ಯೆಯಲ್ಲಿ ಸ್ವೀಡನ್ನಿಗೆ ಕಳಿಸುತ್ತಿತ್ತು. ಐಲಾಳ ಕೊರಳಿಗೂ ಹೆಸರಿನ ಚೀಟಿ ಕಟ್ಟಿ ರೈಲು ಹತ್ತಿಸಿದರು. “ಬೇಸಿಗೆ ಮುಗಿಯೋ ತನಕ ಅಷ್ಟೇ” ಎಂದಿದ್ದಳಂತೆ ಅಮ್ಮ.

ನಾರ್‌ಶೋಪಿಂಗ್ ಹೊರಗಿನ ಒಂದು ತೋಟದ ಮನೆಯವರು ಅವಳನ್ನು ಇಟ್ಟುಕೊಂಡರು. ಒಳ್ಳೆಯ ಜನ. ಹಾಲು, ಬೆಣ್ಣೆ, ಅವಳದೇ ಒಂದು ಮಂಚ. ಬೇಸಿಗೆ ಮುಗಿಯಲು ಮೂರು ವರ್ಷ ಹಿಡಿಯಿತು. ಹಿಂತಿರುಗಿದಾಗ ಹಳೆಯ ಊರು ರಷ್ಯಾದ ಪಾಲಾಗಿತ್ತು. ಎಲ್ಲೋ ಪಶ್ಚಿಮದಲ್ಲಿ, ಯಾರದೋ ಕಾಡಿನಲ್ಲಿ ಸರ್ಕಾರ ಕೊಟ್ಟ ಕಲ್ಲುನೆಲದಲ್ಲಿ ಅಮ್ಮ ಗುಡಿಸಲು ಹಾಕಿದ್ದಳು. ಅಪ್ಪ ದೂರದ ಕಾರ್ಖಾನೆಯಲ್ಲಿ ರಷ್ಯಾಕ್ಕೆ ಹೋಗುವ ಯಂತ್ರಗಳಿಗೆ ದುಡಿಯುತ್ತಿದ್ದ. ಕೂಡಿಟ್ಟ ಬೆಣ್ಣೆಯನ್ನೆಲ್ಲ ಹಾಕಿ ಅಮ್ಮ ಕಡುಬಿನಂಥ ರೊಟ್ಟಿ ಸುಟ್ಟಿದ್ದಳು. ಎಂಟು ವರ್ಷದ ಐಲಾ ಉಂಡಳು. ಎದ್ದಳು. ಕುರ್ಚಿಯನ್ನು ಮೇಜಿನ ಒಳಗೆ ತಳ್ಳಿ, ಕಲಿಸಿದ್ದಂತೆ ಮೊಣಕಾಲು ಬಾಗಿಸಿ, “ತಾಕ್ ಫೋರ್ ಮಾತೆನ್” ಎಂದಳು.

“ಅಮ್ಮನಿಗೆ ಸ್ವೀಡಿಷ್ ಬರ್ತಿರಲಿಲ್ಲ” ಎಂದರು ಐಲಾ. “ಆದರೆ ಅರ್ಥ ಆಯಿತು. ಎದ್ದು ಕೊಟ್ಟಿಗೆಗೆ ಹೋದವಳು ಬಹಳ ಹೊತ್ತು ಬರಲೇ ಇಲ್ಲ. ಅವತ್ತಿನಿಂದ ನನಗೆ ಉಪಚಾರ ಶುರುವಾಯಿತು. ತಮ್ಮ ಹಾಲು ಚೆಲ್ಲಿದರೆ ಬೆನ್ನಿಗೆ ಬೀಳ್ತಿತ್ತು. ನಾನು ಚೆಲ್ಲಿದರೆ ಬಟ್ಟೆ ತಂದು ಒರೆಸ್ತಿದ್ದಳು. ಬೈಯಲಿಲ್ಲ. ಒಂದು ಸಲ ಕೂಡ ಬೈಯಲಿಲ್ಲ.”

ಹದಿನಾರಕ್ಕೆ ಐಲಾ ನಾರ್‌ಶೋಪಿಂಗ್‌ಗೆ ತಾನಾಗಿಯೇ ಬಂದು ಗಿರಣಿ ಸೇರಿದರು. ಗಿರಣಿಗೆ ಕೈ ಬೇಕಿತ್ತು, ಯಾರ ಕೈಯಾದರೂ ಸರಿ. ಪ್ರತಿ ಬೇಸಿಗೆ ಅಮ್ಮನನ್ನು ನೋಡಲು ಕಾಫಿಪುಡಿ ಹಿಡಿದುಕೊಂಡು ಹೋದರು. ಅಮ್ಮ ಸಾಯುವ ತನಕ ಮಗಳಿಗೆ ಹೊಸ ಹಾಸಿಗೆಬಟ್ಟೆಯನ್ನೇ ಹಾಸಿದಳು.

“ನಿನ್ನ ಸ್ನೇಹಿತ ಹೇಳಿದ್ದು ಸುಳ್ಳಲ್ಲ” ಎಂದರು ಐಲಾ. “ಆ ದೇಶ ಉದ್ಧಾರವಾಯಿತು, ಈ ದೇಶವೂ ಆಯಿತು. ನನ್ನ ತಮ್ಮನಿಗೆ ಕಾರಿದೆ, ಕೆರೆ ದಂಡೆಯಲ್ಲಿ ಮನೆಯಿದೆ.”

“ಹಾಗಾದ್ರೆ ನಿಮ್ಮಮ್ಮ ಕಳಿಸಿದ್ದು ತಪ್ಪಾ?”

“ಗೊತ್ತಿಲ್ಲ. ನಮ್ಮ ಮನೆ ಮೇಲೆ ಬಾಂಬು ಬೀಳ್ತಿತ್ತು. ನಿನ್ನ ಮನೆ ಮೇಲೆ ಏನು ಬೀಳ್ತಿದೆ?”

ನೀರಜಾಗೆ ರೇಗಿತು. ಪರ್ಮಿಟ್ಟಿನ ಚಿಂತೆ ಇಲ್ಲಿಯ ಪಾಸ್‌ಪೋರ್ಟ್ ಇರುವವರಿಗೇನು ಗೊತ್ತು? ಕೆಲಸ ಬಿಟ್ಟು ಕೂತರೆ ಇವರು ಅನ್ನ ಹಾಕುತ್ತಾರೆಯೇ? ಬಾಯಿಗೆ ಬಂದ ಸ್ವೀಡಿಷ್ ಸಾಲದೆ ಮಗುವನ್ನು ಎತ್ತಿಕೊಂಡು, ಕಾಫಿಯನ್ನೂ ಕುಡಿಯದೆ ದಡದಡ ಮೇಲೆ ಬಂದಳು. ತರಗತಿಗೂ ಹೋಗಲಿಲ್ಲ.

ಮಧ್ಯಾಹ್ನ ಊಟಕ್ಕೆ ಕೂತಾಗಲೂ ಆ ಸಿಟ್ಟು ಇಳಿದಿರಲಿಲ್ಲ. ಅನಿಕಾ ಮೊಸರಿನ ಬಟ್ಟಲನ್ನು ತಲೆಕೆಳಗು ಮಾಡಿ, ಮೇಜಿನ ಮೇಲೆಲ್ಲ ಅಂಗೈಯಿಂದ ಸವರಿ ಕಿಲಕಿಲ ನಕ್ಕಳು.

“ಏ ಕೋತಿ! ಎಷ್ಟ್ ಸಲ ಹೇಳೋದು ನಿಂಗೆ?” ನೀರಜಾ ಕೈ ಎತ್ತಿದಳು.

“ಅಯ್ಯೋ ಬಿಡೇ” ಎಂದು ರಾಜಲಕ್ಷ್ಮಿ ಅಡ್ಡ ಬಂದು, ಆಗಲೇ ಸೆರಗಿನಿಂದ ಮಗುವಿನ ಕೈ ಒರೆಸುತ್ತಿದ್ದರು. “ಹೊರಟಿರೋ ಮಗು, ಬೈಬೇಡ ಕಣೇ.”

ಎತ್ತಿದ ಕೈ ಅಲ್ಲೇ ನಿಂತಿತು. ಹೊರಟಿರೋ ಮಗು. ಬೈಬೇಡ. ಅನಿಕಾ ಇನ್ನೂ ಇಲ್ಲೇ, ಮೊಸರು ಮೆತ್ತಿದ ಗಲ್ಲದಲ್ಲಿ ಎದುರಿಗೇ ಕೂತಿದ್ದಾಳೆ. ಉಪಚಾರ ಮಾತ್ರ ಆಗಲೇ ಶುರುವಾಗಿಬಿಟ್ಟಿದೆ.

ನೀರಜಾ ಎದ್ದು ಒಳಗೆ ಹೋಗಿ ಸೂಟ್‌ಕೇಸ್ ತೆರೆದಳು. ಫ್ರಾಕು, ಟೋಪಿ, ಮೊಲದ ಗೊಂಬೆ ಎಲ್ಲವನ್ನೂ ಮಂಚದ ಮೇಲೆ ಸುರಿದಳು.

“ಏನೇ ಮಾಡ್ತಿದ್ದೀಯ? ಹುಚ್ಚು ಹಿಡೀತಾ?”

“ಅವಳು ಬರಲ್ಲಮ್ಮ.”

“ಕೆಲಸ?”

“ಗೊತ್ತಿಲ್ಲ.”

“ಅಳಿಯಂದ್ರಿಗೇನು ಹೇಳ್ತೀಯ?”

“ಅದೂ ಗೊತ್ತಿಲ್ಲ ಕಣಮ್ಮ, ಸುಮ್ನಿರು!”

ಬೇಸಿಗೆ ಕಳೆದ ಮೇಲೆ ಸೇರಬಹುದೇ ಎಂದು ನೀರಜಾ ಕಂಪನಿಯನ್ನು ಕೇಳಿಕೊಂಡಳು. ಬಹಳ ಮರ್ಯಾದೆಯಿಂದ, ಆಗುವುದಿಲ್ಲ ಎಂದರು. ಸುದರ್ಶನ್ ಸಿಟ್ಟಾಗಲಿಲ್ಲ, ಆದರೆ ಎರಡು ದಿನ ಸರಿಯಾಗಿ ಮಾತೂ ಆಡಲಿಲ್ಲ. ರಾಜಲಕ್ಷ್ಮಿ ಒಬ್ಬರೇ ಹೊರಟರು. ಸೂಟ್‌ಕೇಸಿನಲ್ಲಿ ಖಾಲಿಯಾದ ಜಾಗಕ್ಕೆ ಐಲಾ ತುರುಕಿದ ಕಾಫಿಪುಡಿ ಪೊಟ್ಟಣಗಳನ್ನು ನೋಡಿ, “ಕೂರ್ಗಿಂದ ಕಾಫಿ ತರಿಸೋ ನಮಗೇ ಇವಳು ಕಾಫಿಪುಡಿ ಕೊಡ್ತಾಳಲ್ಲೇ” ಎಂದು ನಗಲು ಹೋಗಿ ಕಣ್ಣು ಒರೆಸಿಕೊಂಡರು.

ಸುದರ್ಶನ್‌ನ ಕೆಲಸದ ವಿಷಯ ಇನ್ನೂ ತೂಗುಯ್ಯಾಲೆಯಲ್ಲೇ ಇತ್ತು. ತಾನು ಮಾಡಿದ್ದನ್ನು ನೀರಜಾ ದಿನಕ್ಕೊಮ್ಮೆ ಸರಿ ಎಂದೂ ಇನ್ನೊಮ್ಮೆ ತಪ್ಪೆಂದೂ ತೀರ್ಮಾನಿಸುತ್ತಿದ್ದಳು. ಸೊಳ್ಳೆಯ ಭಯ ಹೋಗಿ ಬಾಡಿಗೆಯ ಭಯ ಬಂದಿತ್ತು, ಅಷ್ಟೇ.

ಮೇ ತಿಂಗಳ ಒಂದು ಬೆಳಿಗ್ಗೆ, ಸರಿಯಾಗಿ ಕಾದಿರಿಸಿದ ಸರದಿಯಲ್ಲಿ, ಅವಳು ಬಟ್ಟೆ ಒಗೆಯುವ ಕೋಣೆಯಲ್ಲಿದ್ದಳು. ಸಹಾಯಕ್ಕೆ ಬಂದ ಐಲಾ ಹಾಸಿಗೆಬಟ್ಟೆಗಳನ್ನು ತಂತಿಗೆ ಹಾಕುತ್ತಿದ್ದರು. ಅನಿಕಾ ಒಣಗಿದ ಬಟ್ಟೆಯ ಬುಟ್ಟಿಯನ್ನು ಎಳೆದುರುಳಿಸಿ, ಚೆಲ್ಲಿದ ಸೋಪಿನ ಪುಡಿಯ ಮೇಲೆ ಅಪ್ಪನ ಬಿಳಿ ಅಂಗಿ ಹಾಸಿಕೊಂಡು ಕೂತಳು.

“ಅನಿಕಾ! ಬರ್ತೀಯೋ ಇಲ್ವೋ ಈ ಕಡೆ? ಕತ್ತೆ! ಬೆಳಿಗ್ಗೆಯಿಂದ ಒಗೆದಿದ್ದೆಲ್ಲ...” ನೀರಜಾಳ ಬೈಗುಳ ನೆಲಮಾಳಿಗೆಯ ಗೋಡೆಗೆ ಬಡಿದು ಮೆಟ್ಟಿಲು ಹತ್ತಿ ಕಟ್ಟಡಕ್ಕೆಲ್ಲ ಕೇಳುವಂತೆ ಹಬ್ಬಿತು. ಅನಿಕಾ ಬಾಯಿ ತೆರೆದು ಭೋರೆಂದು ಅತ್ತು, ಓಡಿ ಬಂದು, ಬೈದವಳ ಕಾಲನ್ನೇ ತಬ್ಬಿಕೊಂಡಳು.

ಐಲಾ ಬಾಗಿಲು ಮುಚ್ಚಲು ಹೋಗಲಿಲ್ಲ. ಒಂದು ಹಾಸಿಗೆಬಟ್ಟೆಯನ್ನು ಎರಡು ಕೈಯಲ್ಲಿ ಹಿಡಿದು, ತಂತಿಗೆ ಹಾಕುವುದನ್ನೇ ಮರೆತು ನಿಂತಿದ್ದರು.